ಸುಬ್ಬಮ್ಮನ ಪದಕ್ಕೆ ತಾಳ ಹಾಕಿದವರು

ಹಾಸನದ ಸಾಲಗಾಮೆ ರಸ್ತೆಗೆ ಸೇರುವ ಸಣ್ಣ ಅಡ್ಡರಸ್ತೆಯಲ್ಲಿ ಇನ್ನೂ ಮುಖ ಕಾಣುವಷ್ಟು ಬೆಳಕಾಗಿಲ್ಲ. ಡೈರಿ ಗಾಡಿ ಹಾಲಿನ ಕ್ರೇಟು ಇಳಿಸಿ ಹೋಗಿದೆ. ‘ನೆರೆಹೊರೆ ಕಾಫಿ ಮನೆ’ಯ ಹಿಂಬಾಗಿಲ ಬೀಗ ತೆಗೆದು ಸುಬ್ಬಮ್ಮ ಒಳಗೆ ಬರುತ್ತಾರೆ. ಚಪ್ಪಲಿ ಬಾಗಿಲಾಚೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲು ಒಲೆ ಹಚ್ಚುತ್ತಾರೆ, ಲೈಟು ಆಮೇಲೆ. ದೊಡ್ಡ ಹಿತ್ತಾಳೆ ಫಿಲ್ಟರಿಗೆ ಪುಡಿ ಸುರಿದು, ಒತ್ತಿ, ಕುದಿಯುವ ನೀರು ಹೊಯ್ದು ಮುಚ್ಚಳ ಹಾಕುತ್ತಾರೆ. ಡಿಕಾಕ್ಷನ್ ಇಳಿಯುವ ತನಕ ಕಾಯಬೇಕು. ಅಷ್ಟರೊಳಗೆ ರೊಟ್ಟಿಗೆ ಅಕ್ಕಿಹಿಟ್ಟು ಕಲೆಸಿ, ಈರುಳ್ಳಿ ಹೆಚ್ಚಿ, ಕಾಯಿ ತುರಿದು ಮುಗಿಸುತ್ತಾರೆ.

ಕೈ ಆಡುತ್ತದೆ, ಬಾಯಿ ಆಡುವುದಿಲ್ಲ. ಮೊದಲು ಹೀಗಿರಲಿಲ್ಲ. ಈ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲವೆಂದೇ ಸುಬ್ಬಮ್ಮ ಒಂದು ಪದ ಹೇಳಿಕೊಳ್ಳುತ್ತಿದ್ದರು. ಜೋರಾಗಿ ಅಲ್ಲ, ಒಲೆಯ ಸದ್ದಿಗಿಂತ ತುಸು ಮೇಲೆ. ಅದು ನಿಂತು ಒಂದು ವರ್ಷದ ಮೇಲಾಯಿತು. ನಿಲ್ಲಿಸಿ ಅಂತ ಯಾರೂ ಹೇಳಿದ್ದಲ್ಲ. ಹಾಡಿ ಅಂದವರಿಂದಲೇ ನಿಂತದ್ದು.

ಕಾಫಿ ಮನೆಗೆ ಒಬ್ಬ ಮಾಲೀಕನಿಲ್ಲ. ಹಿಂದೆ ಪ್ರಿಂಟಿಂಗ್ ಪ್ರೆಸ್ ಇದ್ದ ಕಟ್ಟಡವನ್ನು ನಿವೃತ್ತ ಮೇಷ್ಟರುಗಳು, ಬ್ಯಾಂಕಿನವರು, ಒಬ್ಬಿಬ್ಬರು ಡಾಕ್ಟರು ಸೇರಿ ಬಾಡಿಗೆಗೆ ಹಿಡಿದು, ಆಳಿಗಿಷ್ಟು ಹಾಕಿ ನಡೆಸುತ್ತಿದ್ದಾರೆ. ಮುಂದೆ ನಿಂತವರು ಹೊಳೆನರಸೀಪುರ ಮೂಲದ ತಿರುನಾರಾಯಣ, ಕಾಲೇಜಿನಲ್ಲಿ ಚರಿತ್ರೆ ಹೇಳುತ್ತಿದ್ದವರು. ಅಡುಗೆಮನೆಯ ಉಸ್ತುವಾರಿ ಅವರ ಹೆಂಡತಿ ಹಂಸ ಅವರದು. ಬೆಳಿಗ್ಗೆ ವಾಕಿಂಗ್ ಮುಗಿಸಿದವರು ಬರುತ್ತಾರೆ, ಮಧ್ಯಾಹ್ನ ಓದುವ ಮಕ್ಕಳು. ಕಾಸಿಲ್ಲದವನೂ ಬಂದು ಪೇಪರ್ ಓದಿ ಹೋಗಬಹುದು, ಯಾರೂ ಏಳಿಸುವುದಿಲ್ಲ. ಈ ಊರಿಗೆ ಇಂಥದೊಂದು ಜಾಗ ಬೇಕಿತ್ತು ಎನ್ನುವುದರಲ್ಲಿ ಎರಡು ಮಾತಿಲ್ಲ. ಮಾತಾಡಿಸಲು ಬಂದವರಿಗೆ ಸುಬ್ಬಮ್ಮನವರೂ ಹಾಗೇ ಹೇಳುತ್ತಾರೆ.

“ಒಳ್ಳೇ ಜನವೆ ಸಾ. ನನ್ನ ಒಂದಿನಾನೂ ಏನೇ ಅಂದೋರಲ್ಲ. ಅದ್ಕೇ ಇನ್ನೂ ಕಷ್ಟ. ಕೆಟ್ಟೋರಾಗಿದ್ರೆ ಬೈದು ಎದ್ ಓಗ್ಬೋದಿತ್ತು.”

ಅವರಿಗೀಗ ಐವತ್ತಾರು. ತವರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರದ ಹಳ್ಳಿ. ಕೊಟ್ಟದ್ದು ಹೊಳೆನರಸೀಪುರದ ಕಡೆಗೆ, ನಾಲೆ ನೀರಿನ ಗದ್ದೆ, ತೆಂಗಿನ ತೋಟ ಇರುವ ಮನೆಗೆ. ಗಂಡ ನಂಜಪ್ಪ ಈಗಲೂ ಅಲ್ಲೇ ತಮ್ಮನ ಸಂಸಾರದ ಜೊತೆ ಇದ್ದಾರೆ, ಬೇಸಾಯ ಮಾಡುತ್ತಾರೆ. ಉಂಡು ಉಡುವುದಕ್ಕೆ ಕೊರತೆಯಿಲ್ಲ. ಹಾಗಾಗಿ ಊರಿನವರಿಗೆ ಸುಬ್ಬಮ್ಮ ಒಂದು ಒಗಟು. ಗದ್ದೆ ತೋಟ ಇರೋ ಮನೆ ಹೆಂಗಸು ಹಾಸನದ ಓಟ್ಲಲ್ಲಿ ಲೋಟ ತೊಳೀತಾಳಂತೆ ಎಂದು ಮದುವೆ ಮನೆಗಳಲ್ಲಿ ಆಡಿಕೊಳ್ಳುತ್ತಾರೆ. ಅದು ಅವರ ಕಿವಿಗೂ ಬಿದ್ದಿದೆ.

ಅವರು ಹಾಸನಕ್ಕೆ ಬಂದದ್ದು ಒಬ್ಬಳೇ ಮಗಳು ಸಿಂಧುವಿಗಾಗಿ. ಹುಡುಗಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ ಇಲ್ಲಿಯ ಖಾಸಗಿ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದಳು. ಪಿ.ಜಿ. ಊಟ ಅವಳ ಹೊಟ್ಟೆಗೆ ಆಗುತ್ತಿರಲಿಲ್ಲ. ಅವ್ವ ಬಂದು ಒಂದು ರೂಮು ಹಿಡಿದು ಅಡುಗೆ ಮಾಡಿ ಹಾಕಿದರು. ತಾಯಿ ಮಗಳು ಒಂದೇ ಮಂಚದ ಮೇಲೆ ಮಲಗಿ ಹರಟಿದ ಆ ಎರಡು ವರ್ಷವನ್ನು ಸುಬ್ಬಮ್ಮ ತಮ್ಮ ಬಾಳಿನ ಸುಗ್ಗಿ ಎನ್ನುತ್ತಾರೆ. ಆಮೇಲೆ ಮದುವೆ ಗೊತ್ತಾಯಿತು. ಸಿಂಧು ತಾನೇ ಆರಿಸಿದ ಕನಕಾಂಬರ ಬಣ್ಣದ ಸೀರೆಗೆ ಕುಚ್ಚು ಕಟ್ಟಿಸಿ ತಂದಿಟ್ಟರು. ಮಳೆಗಾಲದಲ್ಲಿ ಜ್ವರ ಬಂತು. ಬೇರೆಯವರ ರಕ್ತ ನೋಡಿ ಡೆಂಗಿ ಎಂದು ಬರೆದು ಕೊಡುತ್ತಿದ್ದ ಹುಡುಗಿ ತನ್ನದನ್ನು ಸುಸ್ತು ಅಂದುಕೊಂಡಳು. ಆಸ್ಪತ್ರೆಗೆ ಸೇರಿಸಿದ ವಾರದೊಳಗೆ ಹೋಗಿಬಿಟ್ಟಳು. ಊರಿಗೆ ತೆಗೆದುಕೊಂಡು ಹೋಗಿ ಅದೇ ಸೀರೆ ಉಡಿಸಿ ತೋಟದ ಅಂಚಿನಲ್ಲಿ ಮಣ್ಣು ಮಾಡಿದರು.

ಅವತ್ತು ಸುಬ್ಬಮ್ಮ ಒಂದು ಪದ ಹೇಳಿದರು. ಅವರ ತವರಿನ ಕಡೆ ಮದುವೆಯಾಗದ ಹೆಣ್ಣುಮಗಳು ಸತ್ತರೆ ಹೆತ್ತವಳು ಹೇಳಿ ಅಳುವ ಪದ. ಹುಡುಗಿಯನ್ನು ಮದುವಣಗಿತ್ತಿಯೆಂದೇ ಕರೆದು, ಅವಳ ಹೆಸರು ಹಿಡಿದು ದಿಬ್ಬಣಕ್ಕೆ ಕಳಿಸಿಕೊಡುತ್ತಾರೆ.

ಹೂವ ಮುಡಿದು ಹೊರಟ್ಯಲ್ಲೇ ನನ್ ಸಿಂಧು
ಹೊಸಲ ತಿರುಗಿ ನೋಡ್ದಂಗೆ
ದಿಬ್ಬಣದ ಹಿಂದೆ ನಾನೊಬ್ಳೇ ನನ್ ಸಿಂಧು
ದಾರೀಲಿ ದೀಪ ಇಲ್ದಂಗೆ

ಸುಬ್ಬಮ್ಮನ ಅವ್ವ ಹಿಂದೊಮ್ಮೆ ಇದನ್ನೇ ಹೇಳಿ ಅತ್ತಿದ್ದರು, ಬೇರೊಂದು ಹೆಸರಿಟ್ಟು. ಪದ ಎಲ್ಲರದು, ಹೆಸರು ಮಾತ್ರ ಅವರವರದು.

ತಿಥಿ ಮುಗಿಸಿ ರೂಮು ಖಾಲಿ ಮಾಡಲೆಂದು ಹಾಸನಕ್ಕೆ ಬಂದವರು ಖಾಲಿ ಮಾಡಲಿಲ್ಲ. “ಊರ್ಗೋದ್ರೆ ದಿನಾ ಒಬ್ರು ಬಂದು ಕೂತ್ಕಂಡು ಅಳುಸ್ತಾರೆ. ಇಲ್ಲಿ ನನ್ನ ಯಾರೂ ಮಾತಾಡ್ಸಕಿಲ್ಲ. ಅದೇ ವಾಸಿ ಅನ್ನುಸ್ತು” ಎನ್ನುತ್ತಾರೆ. ನಂಜಪ್ಪ ಬಲವಂತ ಮಾಡಲಿಲ್ಲ. ತಿಂಗಳಿಗೊಮ್ಮೆ ತೆಂಗಿನಕಾಯಿ, ಅಕ್ಕಿ ತಂದು ಇಳಿಸಿ, ಹೆಂಡತಿ ಮಾಡಿದ್ದನ್ನು ಉಂಡು, ಬಸ್ಸು ಹತ್ತುತ್ತಾರೆ. ಬೀದಿ ಕೊನೆಯಲ್ಲಿ ಕಾಫಿ ಮನೆ ಶುರುವಾದಾಗ ಅಡುಗೆಗೆ ಜನ ಬೇಕೆಂದು ಕೇಳಿ ಸುಬ್ಬಮ್ಮ ಹೋಗಿ ನಿಂತರು. ಮಗಳ ಸುದ್ದಿ ಅಲ್ಲಿ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಪ್ರತಿ ತಿಂಗಳ ಎರಡನೆಯ ಶನಿವಾರ ಸಂಜೆ ಕಾಫಿ ಮನೆಯಲ್ಲಿ ಸಂಗೀತ. ತಿರುನಾರಾಯಣ ಅವರ ಅಣ್ಣನ ಮಗ ವಂಶಿ ಕಟ್ಟಿದ ‘ಏಳು ಹೊಳೆ’ ಎಂಬ ತಂಡ ನುಡಿಸುತ್ತದೆ. ವಂಶಿಯದು ಗಿಟಾರು, ಹಾಡುವವಳು ಆರತಿ, ಜೊತೆಗೆ ಪಿಟೀಲು, ಕೊಳಲು, ಆಫ್ರಿಕಾದ ಡೋಲು. ದೇಶದೇಶದ ಹಳ್ಳಿ ಹಾಡುಗಳನ್ನು ಹುಡುಕಿ ತಂದು ತಮ್ಮ ರೀತಿಯಲ್ಲಿ ಹಾಡುವ ಹುಡುಗರು. ಐರ್ಲೆಂಡಿನ ಕುಣಿತದ ಮಟ್ಟು, ಬಲ್ಗೇರಿಯಾದ ಹೆಂಗಸರ ಪದ, ಮಾಲಿ ದೇಶದ ದನಗಾಹಿಗಳ ಹಾಡು. ಕುರ್ಚಿ ಸಾಲದೆ ಜನ ನೆಲದಲ್ಲಿ ಕೂರುತ್ತಾರೆ. ಆ ದಿನ ಅಡುಗೆಮನೆಗೆ ಉಸಿರಾಡಲು ಬಿಡುವಿಲ್ಲ. ಆದರೂ ಸುಬ್ಬಮ್ಮನಿಗೆ ಆ ಸಂಜೆಗಳು ಇಷ್ಟವಿದ್ದವು. ವಡೆ ಕರಿಯುತ್ತಾ ಕೇಳಿಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ವಂಶಿ ಸಾಮಾನು ಇಳಿಸಲು ಹಿಂಬಾಗಿಲಿನಿಂದ ಬಂದವನು ಪದ ಕೇಳಿ ನಿಂತ. ಒಳಗೆ ಸುಬ್ಬಮ್ಮ ಮೊದಲ ಎರಡು ಸಾಲುಗಳನ್ನೇ ತಿರುಗಿ ತಿರುಗಿ ಹೇಳುತ್ತಿದ್ದರು. ಮೂರನೆಯ ಸಾಲಿಗೆ, ದಿಬ್ಬಣದ ಸಾಲಿಗೆ, ಅವರು ಹೋಗುತ್ತಿರಲಿಲ್ಲ. ಯಾವ ಹಾಡೆಂದು ವಂಶಿ ಕೇಳಿದ. ನಮ್ಮೂರಿನ ಪದ ಕಣಪ್ಪ ಎಂದರು. ಮೊಬೈಲಿನಲ್ಲಿ ಹಿಡಿದುಕೊಳ್ಳಲೇ, ನಾವೂ ಹಾಡಬಹುದೇ ಎಂದ.

“ಪದ ಯಾರಪ್ಪನ ಆಸ್ತಿ, ಆಡ್ಕಳಪ್ಪ ಅಂದೆ. ಇನ್ನೇನನ್ಲಿ? ಸತ್ತ ಮಗೀಗೆ ಏಳೋ ಪದ ಅಂದ್ರೆ ಯಾರು, ಯಾವಾಗ, ಎಂಗೆ ಅಂತ ಕೇಳ್ತಾನೆ. ಬೆಳಿಗ್ಗೆ ಬೆಳಿಗ್ಗೆ ಅದ್ನೆಲ್ಲ ಎಲ್ಲಿ ಏಳ್ಕಂಡ್ ಕೂರ್ಲಿ.”

ಎರಡು ತಿಂಗಳು ಕಳೆದ ಮೇಲಿನ ಶನಿವಾರ ಅವರು ಲೋಟಗಳ ತಟ್ಟೆ ಹಿಡಿದು ಹೊರಬರುತ್ತಿದ್ದಾಗ, ವಂಶಿ ಮೈಕಿನಲ್ಲಿ ಹೊಸ ಹಾಡೊಂದನ್ನು ಪರಿಚಯಿಸುತ್ತಿದ್ದ. ಅರಕಲಗೂಡಿನ ಗದ್ದೆ ಬಯಲಿನ ಹೆಣ್ಣುಮಕ್ಕಳು ನದಿಯನ್ನು ಮದುವೆ ಹೆಣ್ಣಿನಂತೆ ಕಂಡು ಹಾಡಿದ್ದು, ಎಂದ. ಸಿಂಧು ಎಂದರೆ ನದಿ ಎಂದುಕೊಂಡಿದ್ದ. ಡೋಲು ಶುರುವಾಯಿತು. ಆರತಿ ನಗುನಗುತ್ತಾ ಎತ್ತಿಕೊಂಡಳು. ಹೂವ ಮುಡಿದು ಹೊರಟ್ಯಲ್ಲೇ ನನ್ ಸಿಂಧು. ಎರಡನೆಯ ಸುತ್ತಿಗೆ ಜನಕ್ಕೂ ಬಾಯಿಪಾಠವಾಯಿತು. ಸಿಂಧೂ, ಸಿಂಧೂ ಎಂದು ಚಪ್ಪಾಳೆ ತಟ್ಟುತ್ತಾ ಕೂಗಿದರು. ಕೆಲವರು ಎದ್ದು ಕುಣಿದರು.

ಸುಬ್ಬಮ್ಮ ತಟ್ಟೆ ಬೀಳಿಸಲಿಲ್ಲ. ಲೋಟ ಇಳಿಸಬೇಕಾದ ಕಡೆ ಇಳಿಸಿ, ಒಳಗೆ ಬಂದು, ಬಾಣಲೆಯಲ್ಲಿ ಸೀಯುತ್ತಿದ್ದ ವಡೆ ತೆಗೆದರು. ಒಂದು ಸಲ ಹಾಡಿದರು, ಇನ್ನು ಬಿಡುತ್ತಾರೆ ಎಂದುಕೊಂಡರು.

ಬಿಡಲಿಲ್ಲ. ಹಾಡು ಯೂಟ್ಯೂಬಿಗೆ ಹೋಯಿತು. ಆಟೋಗಳಲ್ಲಿ, ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ ಕೇಳಿಸತೊಡಗಿತು. ಕೊನೆಗೆ ನಂಜಪ್ಪ ಫೋನು ಮಾಡಿದರು. ಹತ್ತಿರದ ನೆಂಟರ ಮದುವೆಗೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದರು. ಆರತಕ್ಷತೆಯಲ್ಲಿ ಡಿ.ಜೆ. ಹುಡುಗ ಆ ಹಾಡು ಹಾಕಿದ್ದ. ಹೆಣ್ಣಿನ ಗೆಳತಿಯರೆಲ್ಲ ಸಾಲಾಗಿ ನಿಂತು ಕುಣಿದಿದ್ದರು.

“ನಮ್ಮ ಸಿಂಧು ಎಸ್ರಿಡ್ಕಂಡು ಕುಣೀತಾವ್ರೆ ಕಣೇ. ಈ ಪದ ಇವ್ರಿಗೆ ಎಂಗ್ ಸಿಕ್ತು?” ಎಂದು ಕೇಳಿದರು. ಆ ಪದವನ್ನು ಅವರು ಕೇಳಿದ್ದದ್ದು ಒಂದೇ ಒಂದು ಸಲ, ಮಗಳ ಹೆಣದ ಮುಂದೆ.

“ನಾನೇ ಕೊಟ್ಟೆ ಕಣ” ಎಂದರು ಸುಬ್ಬಮ್ಮ. ಊಟ ಮಾಡಿದ್ರಾ ಎಂದು ಕೇಳಿದರು. ಇಲ್ಲ, ಬಸ್ ಸ್ಟಾಂಡಲ್ಲಿದ್ದೀನಿ ಎಂದರು ನಂಜಪ್ಪ.

ಮರುದಿನ ಸುಬ್ಬಮ್ಮ ಹಂಸ ಅವರಿಗೆ ಎಲ್ಲವನ್ನೂ ಹೇಳಿದರು. ಹಂಸ ಅಡುಗೆಮನೆಯ ಮಣೆಯ ಮೇಲೆ ಕುಳಿತು ಕಣ್ಣೊರೆಸಿಕೊಂಡರು. “ಇಷ್ಟು ದಿನ ಒಟ್ಟಿಗೇ ಇದ್ದೀವಿ, ನನಗೊಂದು ಮಾತು ಹೇಳಬಾರದಾಗಿತ್ತೇ ಸುಬ್ಬಮ್ಮ?” ಎಂದರು. ಸಂಜೆಯೊಳಗೆ ವಂಶಿ ಓಡಿಬಂದ. ಅಕ್ಕಿ ಮೂಟೆಯ ಮೇಲೆ ಕುಳಿತವನಿಗೆ ತಲೆ ಎತ್ತಲು ಆಗಲಿಲ್ಲ.

“ನನಗೆ ಗೊತ್ತಿರಲಿಲ್ಲ ಅಮ್ಮ. ನದಿ ಅಂದ್ಕೊಂಡೆ.”

“ಅರಕಲಗೂಡು ಸೀಮೇಲಿ ಸಿಂಧು ನದಿ ಎಲ್ಲೈತಪ್ಪ. ನಮ್ಗಿರೋಳು ಏಮಾವತಿ ಒಬ್ಳೇ.”

“ಕೇಳಬೇಕಾಗಿತ್ತು ನಾನು.”

“ಏಳ್ಬೇಕಾಗಿತ್ತು ನಾನೂವೆ. ಓಗ್ಲಿ ಬುಡು. ಇನ್ಮೇಲೆ ಆಡ್ಬ್ಯಾಡಿ, ಅಷ್ಟೇಯ.”

ವಂಶಿ ಆಗಲಿ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ತಂಡವನ್ನು ಹೊರಗಿನ ಊರುಗಳಿಗೆ ಕರೆಯುತ್ತಿದ್ದದ್ದೇ ಆ ಒಂದು ಹಾಡಿಗಾಗಿ. ಬಾಗಿಲಲ್ಲಿ ನಿಂತಿದ್ದ ತಿರುನಾರಾಯಣ ಒಂದು ದಾರಿ ಸೂಚಿಸಿದರು. “ನಿಲ್ಲಿಸಿದರೆ ತಪ್ಪು ತಪ್ಪಾಗಿಯೇ ಉಳಿಯುತ್ತದೆ ಸುಬ್ಬಮ್ಮ. ಬರುವ ಶನಿವಾರ ನೀವೇ ಹಾಡಿ. ಅದು ಎಂಥ ಪದ ಅಂತ ಜನಕ್ಕೆ ಗೊತ್ತಾಗಲಿ.”

ಸುಬ್ಬಮ್ಮ ಎರಡು ದಿನ ಯೋಚಿಸಿ ಒಪ್ಪಿದರು. “ಒಂದ್ಸಲ ನೆಟ್ಟಗೆ ಕೇಳಿಸ್ಕಂಡ್ರೆ ತಿಳ್ಕತಾರೆ ಅಂದ್ಕಂಡೆ. ಜನಕ್ಕೇನು ಕರುಳಿಲ್ವಾ?” ಗಂಡನಿಗೂ ಬರಲು ಹೇಳಿದರು.

ಆ ಶನಿವಾರ ನಂಜಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ವಂಶಿ ಎಲ್ಲವನ್ನೂ ಜನರಿಗೆ ಹೇಳಿದ. ಇದು ಒಬ್ಬ ತಾಯಿಯ ಅಳು, ಸಿಂಧು ಅವರ ಮಗಳು, ನಾವು ತಿಳಿಯದೆ ತಪ್ಪು ಮಾಡಿದೆವು ಎಂದು ಕೈ ಮುಗಿದ. ಸುಬ್ಬಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಮೈಕಿನ ಮುಂದೆ ನಿಂತರು. ಕಣ್ಣು ಮುಚ್ಚಿದರು. ಆ ಪದಕ್ಕೆ ತಾಳವಿಲ್ಲ. ಉಸಿರು ಇರುವಷ್ಟು ಹೇಳಿ, ನಿಲ್ಲಿಸಿ, ಮತ್ತೆ ಉಸಿರು ಬಂದಾಗ ಹೇಳುವುದು.

ಮೊದಲ ಸಾಲು ಮುಗಿದು ಮಗಳ ಹೆಸರು ಬಂತು. ಉಸಿರಿಗಾಗಿ ನಿಂತರು. ಆ ನಿಲುಗಡೆಯಲ್ಲಿ ಎಡಗಡೆ ಕುಳಿತಿದ್ದ ಯಾರೋ ಮೆಲ್ಲಗೆ ‘ಸಿಂಧೂ’ ಎಂದರು. ಕುಚೋದ್ಯಕ್ಕಲ್ಲ, ಪ್ರೀತಿಯಿಂದಲೇ. ಹಾಡಲಾರದೆ ನಿಂತಿದ್ದಾರೆ ಪಾಪ, ಜೊತೆ ಕೊಡೋಣ ಎಂದು. ಇನ್ನೊಬ್ಬರು ಸೇರಿದರು. ಒಂದು ಚಪ್ಪಾಳೆ, ಅದರ ಹಿಂದೆ ಇನ್ನೊಂದು. ನೋಡುತ್ತಿದ್ದಂತೆ ಇಡೀ ಸಭೆ ತಾಳ ಹಿಡಿಯಿತು. ಮೊಬೈಲುಗಳ ದೀಪ ಹೊತ್ತಿಕೊಂಡವು. ಡೋಲಿನ ಹುಡುಗನ ಕೈಯೂ ತಡೆಯಲಿಲ್ಲ, ಹಗುರಾಗಿ ಬಡಿಯತೊಡಗಿತು. ಸುಬ್ಬಮ್ಮ ಕಣ್ಣು ಬಿಟ್ಟು ನೋಡಿದರು. ಎಲ್ಲರ ಮುಖದಲ್ಲೂ ಕರುಣೆಯಿತ್ತು, ಎಲ್ಲರ ಕೈಯೂ ತಟ್ಟುತ್ತಿತ್ತು. ದಿಬ್ಬಣದ ಸಾಲಿರಲಿ, ಎರಡನೆಯ ಸಾಲೂ ಅವರ ಬಾಯಿಗೆ ಬರಲಿಲ್ಲ. ಮೈಕು ಬಿಟ್ಟು ಒಳಗೆ ಹೋದರು. ಹಾಡು ಮುಗಿಯಿತೆಂದುಕೊಂಡ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ ಒನ್ಸ್ ಮೋರ್ ಎಂದರು.

ಕಾಫಿಗೆ ಹೇಳಿದವರು ಬಹಳ ಮಂದಿ ಇದ್ದರು. ಸುಬ್ಬಮ್ಮ ಹಾಲು ಕಾಯಿಸಿದರು.

ಸ್ವಲ್ಪ ಹೊತ್ತಿಗೆ ನಂಜಪ್ಪ ಹಿಂಬಾಗಿಲಿನಲ್ಲಿ ಬಂದು ನಿಂತರು. ಪಕ್ಕದಲ್ಲಿ ಕುಳಿತಿದ್ದ ಹುಡುಗಿ ‘ತಟ್ಟಿ ಅಂಕಲ್’ ಎಂದು ಅವರ ಕೈ ಹಿಡಿದು ಎತ್ತಿದ್ದಳಂತೆ. “ನಾನು ತಟ್ನಿಲ್ಲ ಕಣೇ” ಎಂದರು. ಅದನ್ನೇ ಇನ್ನೊಂದು ಸಲ ಹೇಳಿದರು. ಸುಬ್ಬಮ್ಮ ಅವರಿಗೊಂದು ಲೋಟ ಕಾಫಿ ಕೊಟ್ಟರು. ನಿಂತೇ ಕುಡಿದು, ಕೊನೆಯ ಬಸ್ಸಿಗೆ ಹೋದರು.

ಹಾಡು ನಿಲ್ಲಲಿಲ್ಲ. ಈಗ ಅದನ್ನು ‘ಸಿಂಧುವಿನ ನೆನಪಿಗೆ’ ಎಂದು ಹೇಳಿ ಹಾಡುತ್ತಾರೆ. ಕಥೆ ಗೊತ್ತಾದ ಮೇಲೆ ಕೇಳುವವರು ಇನ್ನೂ ಹೆಚ್ಚಾಗಿದ್ದಾರೆ. ವಂಶಿ ಅದನ್ನು ಗೌರವವೆಂದೇ ನಂಬಿದ್ದಾನೆ. ಅವನ ಮುಖ ನೋಡಿದರೆ ಅದು ಸುಳ್ಳೆಂದು ಹೇಳಲು ಬಾಯಿ ಬರುವುದಿಲ್ಲ. ಆಲ್ಬಮ್ಮಿನ ಮೇಲೆ ಹಾಕಲು ಹುಡುಗಿಯ ಒಂದು ಫೋಟೊ ಬೇಕೆಂದು ಕೇಳಿದ. ಇಲ್ಲ ಕಣಪ್ಪ ಎಂದು ಸುಬ್ಬಮ್ಮ ಸುಳ್ಳು ಹೇಳಿದರು. ಹೊಸಬರು ಅಡುಗೆಮನೆಗೆ ಬಂದು ಸೆಲ್ಫಿ ಕೇಳುತ್ತಾರೆ. ನಿಮ್ಮ ಮಗಳ ಹಾಡು ಸೂಪರ್ ಆಂಟಿ ಎನ್ನುತ್ತಾರೆ. ಅವರು ಊಂ ಅನ್ನುತ್ತಾರೆ.

ಬೇರೆ ದೇಶದ ಹಾಡುಗಳೂ ಅವರಿಗೀಗ ಮೊದಲಿನಂತೆ ಕೇಳಿಸುವುದಿಲ್ಲ. “ಆ ಬೆಳ್ಳಗಿರೋ ಜನದ ಪದ, ಕರೀ ಜನದ ಪದ, ಎಲ್ಲಾನೂ ಇವು ಕುಣ್ಕಂಡು ಆಡ್ತಾವೆ. ಅದ್ರೊಳಗೂ ಯಾವ ತಾಯಿ ಮಗೀನ ಎಸ್ರು ಇದ್ದಾದೋ ಯಾರಿಗ್ಗೊತ್ತು ಸಾ. ಅವ್ಳಿಗೆ ಕೇಳಿಸ್ದೆ ಇದ್ರೆ ಸಾಕು.”

ಕಳೆದ ಮಳೆಗಾಲದಲ್ಲಿ ಮಗಳಿಗೆ ವರ್ಷಕ್ಕೊಮ್ಮೆ ಇಡುವ ಎಡೆಗೆ ಊರಿಗೆ ಹೋಗಿದ್ದರು. ಎಲ್ಲರೂ ಮನೆಗೆ ತಿರುಗಿದ ಮೇಲೆ ಒಬ್ಬರೇ ತೋಟದ ಅಂಚಿನ ಸಮಾಧಿಯ ಬಳಿ ಉಳಿದರು. ಬಹಳ ದಿನದ ಮೇಲೆ ಪದ ಹೇಳಬೇಕೆನಿಸಿತು. ಮೈಕಿಲ್ಲ, ಮಂದಿಯಿಲ್ಲ, ತೆಂಗಿನ ಗರಿಯ ಸದ್ದು ಮಾತ್ರ. ಅಂದು ಆದದ್ದನ್ನು ಅವರು ಈವರೆಗೆ ನಂಜಪ್ಪನಿಗೂ ಹೇಳಿಲ್ಲ. ಈಗ ಹೇಳುವಾಗಲೂ ಕೈಯಲ್ಲಿದ್ದ ಹಿಟ್ಟನ್ನು ನಾದುವುದು ನಿಲ್ಲಿಸುವುದಿಲ್ಲ.

“ಪದ ಬಂತು ಸಾ. ಬರ್ನಿಲ್ಲ ಅಂತಲ್ಲ. ಅವ್ರ ತರಾನೇ ಬಂತು. ಎಂಗ್ ನಿಧಾನ ಮಾಡುದ್ರೂ ಬಿರ್ರನೆ ಓಡ್ತದೆ. ಬಗ್ಗಿ ನೋಡ್ತೀನಿ, ನನ್ ಕಾಲು ತಾಳ ಆಕ್ತಾ ಅದೆ. ಮಗೀನ ಗುದ್ದದ ಮೇಲೆ ನಿಂತ್ಕಂಡು ಕಾಲು ಕುಟ್ತಾ ಇವ್ನಿ. ಬಾಯಿ ಮುಚ್ಕಂಡು ಬಂದ್ಬುಟ್ಟೆ.”

ಅಲ್ಲಿಂದ ಬಂದ ಮೇಲೆ ಅವರು ಕೇಳಿಕೊಂಡದ್ದು ಒಂದನ್ನೇ: ಎರಡನೆಯ ಶನಿವಾರ ತನಗೆ ರಜೆ ಬೇಕು. ಅವತ್ತೇ ಜನ ಹೆಚ್ಚು, ನೀವಿಲ್ಲದೆ ಹೇಗೆ ಎಂದರು ಹಂಸ. ನಿಮ್ಮನ್ನು ನೋಡುವುದಕ್ಕೇ ಎಷ್ಟೋ ಜನ ಬರುತ್ತಾರಲ್ಲ ಎಂದರು ತಿರುನಾರಾಯಣ. ಬೇರೆ ಯಾವ ದಿನ ಬೇಕಾದರೂ ತೆಗೆದುಕೊಳ್ಳಿ ಎಂದು ಇಬ್ಬರೂ ಒಳ್ಳೆಯ ಮಾತಿನಲ್ಲೇ ಹೇಳಿದರು. ಬಿಟ್ಟು ಹೋಗಿಬಿಡಬಹುದಲ್ಲ ಎಂದರೆ ಸುಬ್ಬಮ್ಮ ಇಲ್ಲವೆಂದು ತಲೆಯಾಡಿಸುತ್ತಾರೆ. ರೂಮು ಇಲ್ಲೇ ಇದೆ, ಮಗಳು ಮಲಗುತ್ತಿದ್ದ ಮಂಚ ಇಲ್ಲಿದೆ. ಕೆಲಸವಿಲ್ಲದೆ ಕೂತರೆ ಹೊತ್ತು ಹೋಗುವುದಿಲ್ಲ.

ಡಿಕಾಕ್ಷನ್ ಇಳಿದಿದೆ. ಮುಂಬಾಗಿಲು ತೆರೆಯುವ ಸದ್ದಾಗುತ್ತದೆ, ವಾಕಿಂಗಿನವರ ಮಾತು ಕೇಳಿಸುತ್ತದೆ. ರಜೆ ಸಿಕ್ಕಿದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರೆ, ಸುಬ್ಬಮ್ಮ ಲೋಟಗಳನ್ನು ಸಾಲಾಗಿ ಜೋಡಿಸುತ್ತಾ ಹೇಳುತ್ತಾರೆ:

“ಎಲ್ಲಿಗೂ ಇಲ್ಲ ಸಾ. ರೂಮ್ನಾಗೆ ಬಾಗ್ಲಾಕ್ಕಂಡು ಸುಮ್ನೆ ಕೂತ್ಕತೀನಿ. ನನ್ ಪದ ನಂಗೆ ವಾಪಸ್ ಬತ್ತದಾ ನೋಡ್ತೀನಿ.”